ಕಳೆಯುವ ಲೆಕ್ಕದ ‘ಸಾಲ’: ಪಕ್ಕದ ಮನೆಯಿಂದ ಬರೋದು ಯಾವಾಗಲೂ ಹತ್ತೇನಾ?

ಒಂದು ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 8 ಗುಂಟೆ, ಅದರಲ್ಲಿ ಖರಾಬು 15 ಗುಂಟೆ ಅಂತಿದೆ ಎಂದಿಟ್ಟುಕೊಳ್ಳಿ. ಸಾಗುವಳಿಗೆ ಉಳಿಯುವುದೆಷ್ಟು? ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು 4.08ರಲ್ಲಿ 0.15 ಕಳೆದರೆ 3.93 ಅನ್ನುತ್ತೆ. ಅಂದರೆ 3 ಎಕರೆ 93 ಗುಂಟೆಯಾ? ಎಕರೆಗೆ ಇರುವುದೇ 40 ಗುಂಟೆ. ಆ 93 ಗುಂಟೆಯನ್ನು ಎಕರೆಗೆ ತಿರುಗಿಸಿದರೆ 2 ಎಕರೆ 13 ಗುಂಟೆ ಆಗುತ್ತೆ. ಒಟ್ಟು 5 ಎಕರೆ 13 ಗುಂಟೆ! ಖರಾಬು ಕಳೆದ ಮೇಲೆ ಜಮೀನು ಒಂದು ಎಕರೆಗೂ ಹೆಚ್ಚು ಬೆಳೆದುಬಿಟ್ಟಿದೆ.

ಕ್ಯಾಲ್ಕುಲೇಟರ್ ಕೆಟ್ಟಿಲ್ಲ. ಅದಕ್ಕೆ ಎಕರೆ, ಗುಂಟೆ ಗೊತ್ತಿಲ್ಲ, ಅಷ್ಟೇ. ಗುಂಟೆ ಸಾಲದೇ ಹೋದಾಗ ಅದು ಒಂದು ಎಕರೆಯನ್ನು ನೂರು ತುಂಡು ಮಾಡಿತು. ನಲವತ್ತು ತುಂಡು ಮಾಡಬೇಕಿತ್ತು. ಹಾಗೆ ಮಾಡಿದ್ದರೆ 4 ಎಕರೆ 8 ಗುಂಟೆ ಎಂಬುದು 3 ಎಕರೆ 48 ಗುಂಟೆಯಾಗಿ, ಅದರಲ್ಲಿ 15 ಹೋಗಿ, 3 ಎಕರೆ 33 ಗುಂಟೆ ಎಂಬ ಸರಿಯಾದ ಉತ್ತರ ಸಿಗುತ್ತಿತ್ತು.

ಕ್ಯಾಲ್ಕುಲೇಟರ್ ಮಾಡಿದ್ದನ್ನೇ ನಮ್ಮಲ್ಲಿ ಬಹಳಷ್ಟು ಜನ ಕಾಗದದ ಮೇಲೆ ಮಾಡುತ್ತೇವೆ. ಕಾರಣ, ಮೂರನೇ ಕ್ಲಾಸಿನಲ್ಲಿ ಕಲಿತ ಒಂದು ವಾಕ್ಯ: ‘ಸಾಲದಿದ್ದರೆ ಪಕ್ಕದ ಮನೆಯಿಂದ ಹತ್ತು ಕಡ ತಗೋ.’ ಈ ವಾಕ್ಯದಲ್ಲಿ ಎರಡು ತೊಂದರೆಗಳಿವೆ. ಅಲ್ಲಿ ನಡೆಯುವುದು ಕಡ ಅಲ್ಲ. ಬರುವುದು ಯಾವಾಗಲೂ ಹತ್ತೂ ಅಲ್ಲ.

ಸಾಲ ಅಲ್ಲ, ಚಿಲ್ಲರೆ

52ರಲ್ಲಿ 27 ಕಳೆಯಬೇಕು. ಬಿಡಿ ಮನೆಯಲ್ಲಿ 2 ಇದೆ, 7 ಕೊಡಲು ಸಾಲದು. ಹತ್ತರ ಮನೆಯ 5ನ್ನು ಹೊಡೆದು 4 ಮಾಡಿ, ಬಿಡಿ ಮನೆಯ 2ರ ಪಕ್ಕ ಒಂದು ಗೆರೆ ಎಳೆದು 12 ಮಾಡುತ್ತೇವೆ. 12ರಲ್ಲಿ 7 ಹೋದರೆ 5, 4ರಲ್ಲಿ 2 ಹೋದರೆ 2. ಉತ್ತರ 25.

ಇದನ್ನೇ ದುಡ್ಡಿನಲ್ಲಿ ಯೋಚಿಸಿ. ನಿಮ್ಮ ಹತ್ತಿರ ಹತ್ತರ 5 ನೋಟು, ಒಂದು ರೂಪಾಯಿಯ 2 ನಾಣ್ಯ ಇವೆ. ಯಾರಿಗೋ 27 ರೂಪಾಯಿ ಕೊಡಬೇಕು. ಹತ್ತರ ಎರಡು ನೋಟು ಕೊಡುವುದು ಸುಲಭ. 7 ರೂಪಾಯಿಗೆ ಚಿಲ್ಲರೆ ಇಲ್ಲ. ಏನ್ಮಾಡ್ತೀರಿ? ಹತ್ತರ ಒಂದು ನೋಟು ಕೊಟ್ಟು ಹತ್ತು ನಾಣ್ಯ ತರ್ತೀರಿ. ಈಗ ನಿಮ್ಮ ಹತ್ತಿರ 4 ನೋಟು, 12 ನಾಣ್ಯ. ದುಡ್ಡು ಮೊದಲೂ 52, ಈಗಲೂ 52. ಯಾರ ಹತ್ತಿರವೂ ಸಾಲ ಮಾಡಿಲ್ಲ, ಯಾರಿಗೂ ತೀರಿಸಬೇಕಿಲ್ಲ. ನಿಮ್ಮದೇ ನೋಟನ್ನು ಮುರಿಸಿಕೊಂಡಿರಿ.

ಕಡ್ಡಿಯ ಕಟ್ಟು ಇಟ್ಟುಕೊಂಡು ಪಾಠ ಮಾಡುವ ಶಿಕ್ಷಕರು ತೋರಿಸುವುದೂ ಇದನ್ನೇ. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಬಿಡಿ ಕಡ್ಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚು. ಇಷ್ಟೇ ಕತೆ. ಆದರೆ ಕಡ್ಡಿ ಬಿಟ್ಟು ಸ್ಲೇಟಿಗೆ ಬಂದ ಕೂಡಲೇ ಭಾಷೆ ಬದಲಾಗುತ್ತದೆ. ‘ಬಿಚ್ಚು’ ಹೋಗಿ ‘ಕಡ ತಗೋ’ ಬರುತ್ತದೆ. ಕಟ್ಟು ಮರೆತುಹೋಗುತ್ತದೆ, ಹೊಡೆದು ಬರೆಯುವ ಗೆರೆ ಮಾತ್ರ ಉಳಿಯುತ್ತದೆ.

ಹಾಗಾದರೆ ‘ಕಡ’ ಎಂಬ ಮಾತಿಗೆ ಅರ್ಥವೇ ಇಲ್ಲವೇ? ಒಂದು ಬೇರೆ ವಿಧಾನದಲ್ಲಿ ಇದೆ. ಇಂಗ್ಲೆಂಡ್ ಮತ್ತು ಯುರೋಪಿನ ಶಾಲೆಗಳಲ್ಲಿ ಹಿಂದೆ ಹೆಚ್ಚಾಗಿ ಬಳಕೆಯಲ್ಲಿದ್ದ ವಿಧಾನ ಅದು. 52ರಲ್ಲಿ 27 ಕಳೆಯುವಾಗ ಮೇಲಿನ 5ನ್ನು ಮುಟ್ಟುವುದಿಲ್ಲ. ಮೇಲಿನ 2ಕ್ಕೆ ಹತ್ತು ಸೇರಿಸಿ 12 ಮಾಡುತ್ತಾರೆ, ಕೆಳಗಿನ 2ಕ್ಕೆ ಒಂದು ಸೇರಿಸಿ 3 ಮಾಡುತ್ತಾರೆ. 12ರಲ್ಲಿ 7 ಹೋದರೆ 5, 5ರಲ್ಲಿ 3 ಹೋದರೆ 2. ಅದೇ 25. ಮೇಲಿನದಕ್ಕೂ ಕೆಳಗಿನದಕ್ಕೂ ಹತ್ತು ಹತ್ತು ಸೇರಿಸಿದರೆ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ, ಅದಕ್ಕೇ ಇದು ಸರಿಬರುತ್ತದೆ. ಇಲ್ಲಿ ಮೇಲೆ ತಂದದ್ದನ್ನು ಕೆಳಗೆ ತೀರಿಸುತ್ತಾರೆ. ಕಡ ಅನ್ನಬಹುದು. ನಾವು ಕಲಿಸುವ ವಿಧಾನದಲ್ಲಿ ತೀರಿಸುವುದೇ ಇಲ್ಲ. ‘ಸಾಲ ತಂದಿದ್ದು ವಾಪಸ್ ಕೊಡಲ್ವಾ ಮಿಸ್?’ ಅಂತ ಒಂದು ಮಗು ಕೇಳಿದರೆ ಅದು ಅಧಿಕಪ್ರಸಂಗವಲ್ಲ, ನ್ಯಾಯವಾದ ಪ್ರಶ್ನೆ.

ಸೊನ್ನೆ ಸಿಕ್ಕಾಗ

ಕಟ್ಟು ಬಿಚ್ಚುವ ಮಾತು ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದು ಸೊನ್ನೆ ಬಂದಾಗ ಗೊತ್ತಾಗುತ್ತದೆ. 400ರಲ್ಲಿ 167 ಕಳೆಯಿರಿ. ಬಿಡಿ ಮನೆಯಲ್ಲಿ ಏನೂ ಇಲ್ಲ. ಪಕ್ಕದ ಹತ್ತರ ಮನೆಗೆ ಹೋದರೆ ಅಲ್ಲೂ ಏನಿಲ್ಲ. ‘ಕಡ ಕೇಳೋಕೆ ಹೋದ ಮನೆಯಲ್ಲೂ ಇಲ್ಲ, ಅವರು ಅದರ ಪಕ್ಕದ ಮನೆಗೆ ಹೋಗ್ತಾರೆ’ ಎಂದು ಕತೆ ಉದ್ದವಾಗುತ್ತದೆ. ಸೊನ್ನೆ 9 ಆಗುತ್ತದೆ ಎಂದು ಹೇಳಿಕೊಡುತ್ತಾರೆ. ಯಾಕೆ 9 ಅಂತ ಕೇಳಿದರೆ ಎಷ್ಟೋ ಸಲ ಉತ್ತರವಿಲ್ಲ.

ನೋಟಿನಲ್ಲಿ ಉತ್ತರವಿದೆ. ನೂರರ ನಾಲ್ಕು ನೋಟಿವೆ. ಒಂದನ್ನು ಮುರಿಸಿದರೆ ಹತ್ತರ 10 ನೋಟು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ 10 ನಾಣ್ಯ. ಈಗ ಕೈಯಲ್ಲಿರುವುದು ನೂರರ 3, ಹತ್ತರ 9, ಬಿಡಿ 10. ಅಲ್ಲಿಂದ 167 ತೆಗೆದರೆ 233. ಹತ್ತು ಬಂದು ಅದರಲ್ಲಿ ಒಂದು ಮುಂದಕ್ಕೆ ಹೋಯಿತು, ಅದಕ್ಕೇ 9.

ಈಗ ಇದನ್ನೇ ಜಮೀನಿಗೆ ಹಾಕಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 2 ಎಕರೆ ಜಮೀನಿನಲ್ಲಿ 13 ಗುಂಟೆ 6 ಆಣೆ ಮಾರಿದರೆ ಎಷ್ಟು ಉಳಿಯಿತು? ಆಣೆ ಸೊನ್ನೆ, ಗುಂಟೆಯೂ ಸೊನ್ನೆ. ಒಂದು ಎಕರೆ ಮುರಿದರೆ 40 ಗುಂಟೆ, ಅದರಲ್ಲಿ ಒಂದು ಗುಂಟೆ ಮುರಿದರೆ 16 ಆಣೆ. ಅಂದರೆ 2 ಎಕರೆ ಎಂಬುದು 1 ಎಕರೆ 39 ಗುಂಟೆ 16 ಆಣೆ. ಕಳೆದರೆ ಉಳಿಯುವುದು 1 ಎಕರೆ 26 ಗುಂಟೆ 10 ಆಣೆ. ಅಲ್ಲಿ ಸೊನ್ನೆ 9 ಆಗಿತ್ತು, ಇಲ್ಲಿ ಸೊನ್ನೆ 39 ಆಯಿತು. ಎರಡಕ್ಕೂ ಕಾರಣ ಒಂದೇ: ಒಂದು ಕಟ್ಟಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂದು ಕಡಿಮೆ.

ಕಟ್ಟು ಎಷ್ಟರದು?

ಸಂಖ್ಯಾ ಪದ್ಧತಿಯ ‘ಮಾನ’ ಎಂದರೆ ಇದೇ, ಒಂದು ಕಟ್ಟಿಗೆ ಎಷ್ಟು ಎಂಬ ಲೆಕ್ಕ. ಹತ್ತರ ಕಟ್ಟು ಕಟ್ಟುತ್ತಾ ಹೋದರೆ ದಶಮಾನ, ಎರಡರ ಕಟ್ಟು ಕಟ್ಟಿದರೆ ದ್ವಿಮಾನ, ಎಂಟರದ್ದಾದರೆ ಅಷ್ಟಮಾನ. ಎಕರೆ, ಗುಂಟೆ, ಆಣೆಯ ಹಾಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಳತೆಯ ಕಟ್ಟೂ ಇರಬಹುದು. ಕಳೆಯುವ ವಿಧಾನ ಎಲ್ಲ ಕಡೆಯೂ ಅದೇ. ಕಟ್ಟು ಬಿಚ್ಚಿದಾಗ ಎಷ್ಟು ಸಿಗುತ್ತದೆ ಅನ್ನುವುದಷ್ಟೇ ಬೇರೆ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಪದ್ಧತಿ ಬರುವವರೆಗೆ ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು. 5 ರೂಪಾಯಿ ಕೊಟ್ಟು 2 ರೂಪಾಯಿ 7 ಆಣೆ 9 ಪೈ ಸಾಮಾನು ತಂದವರು, 5 ರೂಪಾಯಿಯನ್ನು 4 ರೂಪಾಯಿ 15 ಆಣೆ 12 ಪೈ ಎಂದು ಮುರಿದು, 2 ರೂಪಾಯಿ 8 ಆಣೆ 3 ಪೈ ಚಿಲ್ಲರೆ ಎಣಿಸಿಕೊಳ್ಳಬೇಕಿತ್ತು. ಹಳೇ ಮೈಸೂರಿನ ಕಣದಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಅಲ್ಲಿ ಕಟ್ಟು ಇಪ್ಪತ್ತರದು. ಒಂದೇ ದಿನ ಅಂಗಡಿಯಲ್ಲಿ ಹದಿನಾರು, ಕಣದಲ್ಲಿ ಇಪ್ಪತ್ತು, ಹೊಲದಲ್ಲಿ ನಲವತ್ತು. ಶಾಲೆಯ ಮೆಟ್ಟಿಲು ಹತ್ತದವರೂ ಈ ಲೆಕ್ಕಗಳ ನಡುವೆಯೇ ಬದುಕಬೇಕಿತ್ತು. ಯಾವ ಕಟ್ಟು ಬಿಚ್ಚುತ್ತಿದ್ದೇವೆ ಎಂಬುದು ಅವರ ಕಣ್ಣೆದುರೇ ಇರುತ್ತಿತ್ತು.

ದಶಮಾನ ಪದ್ಧತಿಯಿಂದ ವ್ಯಾಪಾರದ ಲೆಕ್ಕ ಸಲೀಸಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ಕಡೆಯೂ ಹತ್ತೇ ಇದೆ ಎಂಬ ಭ್ರಮೆಯೂ ಅದರ ಜತೆ ಬಂತು. ಜಮೀನಿನ ದಾಖಲೆಯಲ್ಲಿ ನಲವತ್ತು ಇವತ್ತಿಗೂ ಇದೆ. ಗಡಿಯಾರದಲ್ಲಿ ಅರವತ್ತು ಇದೆ. ಅದು ಅರವತ್ತರ ಕಟ್ಟಿನಲ್ಲಿ ಲೆಕ್ಕ ಹಾಕುತ್ತಿದ್ದ ಪ್ರಾಚೀನ ಬ್ಯಾಬಿಲೋನಿಯಾದವರ ಬಳುವಳಿ.

ಅಡಗಿ ಕೂರುವ ತಪ್ಪು

ಗುಂಟೆಯ ಲೆಕ್ಕದಲ್ಲಿ ಕ್ಯಾಲ್ಕುಲೇಟರ್ ಹೀಗೆ ತಪ್ಪಿದರೆ ಕಣ್ಣಿಗೆ ಬೀಳುತ್ತದೆ. 40ರ ಬದಲು 100 ತಂದಿದ್ದರಿಂದ ಉತ್ತರದಲ್ಲಿ 60 ಗುಂಟೆ ಹೆಚ್ಚು ಬರುತ್ತದೆ. ಹಾಗಾಗಿ ಗುಂಟೆಯ ಜಾಗದಲ್ಲಿ ಯಾವಾಗಲೂ 60ಕ್ಕಿಂತ ದೊಡ್ಡ ಸಂಖ್ಯೆಯೇ ಕೂರುತ್ತದೆ. ಅಷ್ಟು ಗುಂಟೆ ಇರಲು ಸಾಧ್ಯವಿಲ್ಲ ಅಂತ ಹೊಲ ಉಳುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. 3.93ರಲ್ಲಿ ಆ 60 ತೆಗೆದರೆ ಸಿಗುವುದು ಸರಿಯುತ್ತರದ 33.

ಸಮಯದ ಲೆಕ್ಕ ಹಾಗಲ್ಲ. ಬೆಳಗ್ಗೆ 8 ಗಂಟೆ 55 ನಿಮಿಷಕ್ಕೆ ಶುರುವಾದ ಕೆಲಸ 10 ಗಂಟೆ 5 ನಿಮಿಷಕ್ಕೆ ಮುಗಿಯಿತು. 10.05ರಲ್ಲಿ 8.55 ಕಳೆದರೆ ಕ್ಯಾಲ್ಕುಲೇಟರ್ 1.50 ತೋರಿಸುತ್ತದೆ. ಒಂದು ಗಂಟೆ ಐವತ್ತು ನಿಮಿಷ. ನೋಡಲು ಎಲ್ಲ ಸರಿಯಾಗೇ ಇದೆ, ಅಲ್ವಾ? ಆದರೆ ನಿಜವಾಗಿ ಆಗಿರುವುದು ಒಂದು ಗಂಟೆ ಹತ್ತು ನಿಮಿಷ. 10 ಗಂಟೆ 5 ನಿಮಿಷವನ್ನು 9 ಗಂಟೆ 65 ನಿಮಿಷ ಮಾಡಿ ಕಳೆಯಬೇಕಿತ್ತು. 60ರ ಬದಲು 100 ತಂದಿದ್ದರಿಂದ 40 ನಿಮಿಷ ಹೆಚ್ಚು ಬಂತು. ಅದು 60ರೊಳಗೇ ಬಿದ್ದಿದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕೂಲಿಯ ವಿಷಯಕ್ಕೆ ಬಂದರೆ ಇದು ಬರೀ ಗಣಿತವಾಗಿ ಉಳಿಯುವುದಿಲ್ಲ. 9 ಗಂಟೆ 15 ನಿಮಿಷಕ್ಕೆ ಬಂದು ಸಂಜೆ 6 ಗಂಟೆ 5 ನಿಮಿಷಕ್ಕೆ ಹೊರಟವರ ಹಾಜರಿ 8 ಗಂಟೆ 50 ನಿಮಿಷ. ಕಳೆಯುವ ಲೆಕ್ಕ ಸರಿಯಾಗೇ ಮಾಡಿ, ಅದನ್ನು 8.50 ಎಂದು ಬರೆದು, ಹಾಗೇ ಕೂಲಿಯಿಂದ ಗುಣಿಸಿದರು ಅಂತಿಟ್ಟುಕೊಳ್ಳಿ. 8.50 ಅಂದರೆ ಎಂಟೂವರೆ ಗಂಟೆ. 20 ನಿಮಿಷ ಮಾಯ. ಗಂಟೆಗೆ 90 ರೂಪಾಯಿಯಾದರೆ ಬರಬೇಕಾದ್ದು 795, ಕೈಗೆ ಬರುವುದು 765. ದಿನವೂ ಇಷ್ಟೇ ಹಾಜರಿಯಾದರೆ 26 ದಿನದ ತಿಂಗಳಲ್ಲಿ 780 ರೂಪಾಯಿ. ಸಮಯದಲ್ಲಿ ಹೇಳುವುದಾದರೆ 8 ಗಂಟೆ 40 ನಿಮಿಷ, ಹೆಚ್ಚುಕಡಿಮೆ ಒಂದು ದಿನದ ದುಡಿಮೆ. ಇಲ್ಲಿ ಯಾರೂ ಮೋಸ ಮಾಡಬೇಕೆಂದೇ ಇಲ್ಲ. ಚುಕ್ಕೆಯ ಆಚೆಗಿರುವುದು ಅರವತ್ತರ ಕಟ್ಟೋ ನೂರರ ಕಟ್ಟೋ ಎಂದು ಯಾರೂ ಕೇಳದಿದ್ದರೆ ಸಾಕು.

ಎಂಟು ಮತ್ತು ಎರಡರ ಲೆಕ್ಕ

ಕಟ್ಟಿನ ಮಾತು ತಲೆಯಲ್ಲಿ ಕೂತರೆ ಕಾಲೇಜಿನ ಮಕ್ಕಳು ಹೆದರುವ ಅಷ್ಟಮಾನ, ದ್ವಿಮಾನಗಳೂ ಕಷ್ಟವಲ್ಲ. ಅಮೆರಿಕದ ಗಣಿತಜ್ಞ, ಹಾಡುಗಾರ ಟಾಮ್ ಲೆಹ್ರರ್ 1965ರಲ್ಲಿ ಒಂದು ವಿಡಂಬನೆಯ ಹಾಡು ಮಾಡಿದ್ದ. ಅದರಲ್ಲಿ 342ರಲ್ಲಿ 173 ಕಳೆಯುವ ಲೆಕ್ಕವನ್ನು ಮೊದಲು ದಶಮಾನದಲ್ಲಿ, ಆಮೇಲೆ ಅಷ್ಟಮಾನದಲ್ಲಿ ಮಾಡುತ್ತಾನೆ. ದಶಮಾನದಲ್ಲಿ ಉತ್ತರ 169. ಅಷ್ಟಮಾನದಲ್ಲಿ ಮಾಡಿ ನೋಡೋಣ. ಬಿಡಿ 2, ಕೊಡಬೇಕಾದ್ದು 3. ಎಂಟರ ಒಂದು ಕಟ್ಟು ಬಿಚ್ಚಿದರೆ 2 ಮತ್ತು 8 ಸೇರಿ ಹತ್ತು ಬಿಡಿ. ಮೂರು ಹೋದರೆ 7. ಎಂಟರ ಮನೆಯಲ್ಲಿ 4 ಇದ್ದದ್ದು 3 ಆಗಿದೆ, ಕೊಡಬೇಕಾದ್ದು 7. ಮುಂದಿನ ದೊಡ್ಡ ಕಟ್ಟು ಬಿಚ್ಚಿದರೆ ಮತ್ತೆ 8 ಬರುತ್ತದೆ, ಒಟ್ಟು 11. ಏಳು ಹೋದರೆ 4. ಕೊನೆಯ ಮನೆಯಲ್ಲಿ 3 ಇದ್ದದ್ದು 2 ಆಗಿದೆ, ಒಂದು ಹೋದರೆ 1. ಉತ್ತರ 147.

ಕಂಪ್ಯೂಟರ್ ಬಳಸುವ ದ್ವಿಮಾನದಲ್ಲಿ ಕಟ್ಟು ಎರಡರದ್ದು. ಮನೆಗಳ ಬೆಲೆ 1, 2, 4, 8 ಹೀಗೆ ದ್ವಿಗುಣವಾಗುತ್ತಾ ಹೋಗುತ್ತದೆ. ಎಂಟನ್ನು 1000 ಎಂದು ಬರೆಯುತ್ತಾರೆ. ಅದರಲ್ಲಿ ಒಂದು ಕಳೆಯಬೇಕು. ಬಿಡಿ ಇಲ್ಲ, ಎರಡರ ಮನೆ ಖಾಲಿ, ನಾಲ್ಕರ ಮನೆಯೂ ಖಾಲಿ. ಎಂಟನ್ನು ಬಿಚ್ಚಿದರೆ ಎರಡು ನಾಲ್ಕು. ಒಂದು ನಾಲ್ಕನ್ನು ಬಿಚ್ಚಿದರೆ ಎರಡು ಎರಡು. ಒಂದು ಎರಡನ್ನು ಬಿಚ್ಚಿದರೆ ಎರಡು ಬಿಡಿ. ಅದರಲ್ಲಿ ಒಂದು ಕಳೆದರೆ ಪ್ರತಿ ಮನೆಯಲ್ಲೂ ಒಂದೊಂದು ಉಳಿಯಿತು: 0111. ನಾಲ್ಕು, ಎರಡು, ಒಂದು, ಕೂಡಿದರೆ ಏಳು. 400ರ ಲೆಕ್ಕದಲ್ಲಿ ಸೊನ್ನೆ 9 ಆದ ಹಾಗೆ, ಎಕರೆಯಲ್ಲಿ 39 ಆದ ಹಾಗೆ, ಇಲ್ಲಿ ಸೊನ್ನೆ 1 ಆಯಿತು. ಮತ್ತದೇ, ಕಟ್ಟಿಗಿಂತ ಒಂದು ಕಡಿಮೆ.

ಇನ್ನೊಂದು ಸ್ವಾರಸ್ಯವಿದೆ. ಯಾವ ಮಾನದಲ್ಲೇ ಆಗಲಿ, ಒಂದು ಪೂರ್ತಿ ಕಟ್ಟನ್ನು ಬರೆಯುವುದು 10 ಎಂದೇ. ಒಂದು ಕಟ್ಟು, ಬಿಡಿ ಸೊನ್ನೆ. ದ್ವಿಮಾನದಲ್ಲಿ 10 ಅಂದರೆ ಎರಡು, ಅಷ್ಟಮಾನದಲ್ಲಿ 10 ಅಂದರೆ ಎಂಟು. ‘ಹತ್ತು ತಗೋ’ ಎಂಬ ಮಾತು ಬರಹದಲ್ಲಿ ಎಲ್ಲ ಕಡೆ ಸರಿಯಾಗಿ ಕಾಣುವುದು ಇದಕ್ಕೇ. ಬಾಯಲ್ಲಿ ಅದನ್ನು ‘ಒಂದು ಕಟ್ಟು’ ಎಂದು ಓದಬೇಕು.

ಕ್ಲಾಸಿನಲ್ಲಿ ಏನಾಗುತ್ತಿದೆ

ಪ್ರಥಮ್ ಸಂಸ್ಥೆ ಹಳ್ಳಿಗಳ ಮನೆಮನೆಗೆ ಹೋಗಿ ನಡೆಸುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಕೊಡುವುದು ಇಂಥದ್ದೇ ಲೆಕ್ಕ, ಎರಡಂಕಿಯ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ದೇಶದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯಲ್ಲಿ ಕನಿಷ್ಠ ಇದನ್ನು ಮಾಡಬಲ್ಲ ಮಕ್ಕಳು 2018ರಲ್ಲಿ ಶೇ. 28.2, ಕೋವಿಡ್ ನಂತರ 2022ರಲ್ಲಿ ಶೇ. 25.9, 2024ರಲ್ಲಿ ಶೇ. 33.7. ಏರಿಕೆ ಒಳ್ಳೆಯದೇ. ಆದರೂ ಮೂರರಲ್ಲಿ ಇಬ್ಬರು ಮಕ್ಕಳು ಇನ್ನೂ ಹೊರಗೇ ಇದ್ದಾರೆ.

ಈ ಮಕ್ಕಳ ತಪ್ಪು ಬೇಕಾಬಿಟ್ಟಿ ತಪ್ಪಲ್ಲ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕಗಳನ್ನು ವಿಶ್ಲೇಷಿಸಿ ತೋರಿಸಿದ್ದು ಇದನ್ನೇ. ತಪ್ಪು ಮಾಡುವ ಮಗು ಬಹಳ ಸಲ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ, ಆ ನಿಯಮ ತಪ್ಪಾಗಿರುತ್ತದೆ ಅಷ್ಟೇ. 52ರಲ್ಲಿ 27 ಕಳೆದು 35 ಎಂದು ಬರೆಯುವ ಮಗುವನ್ನೇ ನೋಡಿ. ‘ದೊಡ್ಡದರಲ್ಲಿ ಚಿಕ್ಕದು ಕಳೆ’ ಎಂದು ಹೇಳಿಕೊಟ್ಟಿದ್ದನ್ನು ಅದು ಪ್ರತಿ ಮನೆಗೂ ಹಾಕಿದೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹಾಕಿದರೆ ಮಗುವಿಗೆ ತನ್ನ ನಿಯಮ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ. ‘52 ರೂಪಾಯಿ ಇದೆ, 27 ಕೊಡು ನೋಡೋಣ’ ಅಂದರೆ ಗೊತ್ತಾಗಬಹುದು.

ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲಾ ಶಿಕ್ಷಕರು ಇದೇ ಪಾಠವನ್ನು ಹೇಗೆ ಮಾಡುತ್ತಾರೆ ಎಂದು ಹೋಲಿಸಿದ್ದಾರೆ. ಅಮೆರಿಕದ ಶಿಕ್ಷಕರಲ್ಲಿ ಹೆಚ್ಚಿನವರು ‘ಸಾಲ’ದ ಮಾತಾಡಿದರೆ, ಚೀನಾದ ಶಿಕ್ಷಕರಲ್ಲಿ ಹೆಚ್ಚಿನವರು ‘ಮೇಲಿನ ಒಂದು ಘಟಕವನ್ನು ಒಡೆಯುವುದು’ ಎಂಬರ್ಥದ ಮಾತು ಬಳಸುತ್ತಿದ್ದರು. ಒಡೆದಾಗ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ ಆ ಮಾತಿನ ಹಿಂದೆಯೇ ಬರುತ್ತದೆ. ಸಾಲದ ಮಾತಿನಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.

ಹಾಗಂತ ಮೂರನೇ ಕ್ಲಾಸಿಗೆ ಅಷ್ಟಮಾನ ತುರುಕಬೇಕು ಅಂತಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಗಾಬರಿಬಿದ್ದ ಅಮೆರಿಕ ‘ನ್ಯೂ ಮ್ಯಾಥ್’ ಹೆಸರಿನಲ್ಲಿ ಅದನ್ನೇ ಮಾಡಿತು. ಚಿಕ್ಕ ಮಕ್ಕಳಿಗೆ ಬೇರೆ ಬೇರೆ ಮಾನದ ಪಾಠ ಬಂತು, ತಂದೆತಾಯಿಗೆ ಮನೆಯಲ್ಲಿ ಹೇಳಿಕೊಡಲು ಆಗದಾಯಿತು. ಲೆಹ್ರರ್ ಹಾಡು ಗೇಲಿ ಮಾಡಿದ್ದೂ ಅದನ್ನೇ. 1973ರಲ್ಲಿ ಗಣಿತಜ್ಞ ಮಾರಿಸ್ ಕ್ಲೈನ್ ಅದರ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಯಾರೂ ಬಳಸದ ಎಂಟರ ಕಟ್ಟನ್ನು ಕಪ್ಪುಹಲಗೆಯ ಮೇಲೆ ತಂದರೆ ಅದು ಇನ್ನೊಂದು ಕಂಠಪಾಠವಾಗುತ್ತದೆ ಅಷ್ಟೇ.

ನಮಗೆ ಆ ಕಷ್ಟವಿಲ್ಲ. ನಮ್ಮ ಮಕ್ಕಳ ಮನೆಯಲ್ಲೇ ಬೇರೆ ಬೇರೆ ಕಟ್ಟುಗಳಿವೆ. ಅಪ್ಪನ ಪಹಣಿಯಲ್ಲಿ ನಲವತ್ತು, ಅಮ್ಮ ಹಿಡಿಯುವ ಬಸ್ಸಿನ ವೇಳೆಯಲ್ಲಿ ಅರವತ್ತು, ಡಜನ್ ಬಾಳೆಹಣ್ಣಿನಲ್ಲಿ ಹನ್ನೆರಡು. ನಾಲ್ಕು, ಐದನೇ ಕ್ಲಾಸಿಗೆ ಬಂದ ಮಕ್ಕಳಿಗೆ ಇವುಗಳಲ್ಲಿ ಕಳೆಯುವ ಲೆಕ್ಕ ಕೊಡಬಹುದು. 5 ಡಜನ್ ಬಾಳೆಹಣ್ಣಿನಲ್ಲಿ 2 ಡಜನ್ 7 ಹಣ್ಣು ಮಾರಿದರೆ ಎಷ್ಟು ಉಳಿಯಿತು ಅಂತ ಕೇಳಿ. ಕಟ್ಟು ಬಿಚ್ಚುವುದು ಅರ್ಥವಾದ ಮಗು 5 ಡಜನ್ನನ್ನು 4 ಡಜನ್ 12 ಮಾಡಿ, 2 ಡಜನ್ 5 ಎನ್ನುತ್ತದೆ. ಅರ್ಥವಾಗದ ಮಗು ಹತ್ತು ತಂದು 2 ಡಜನ್ 3 ಎನ್ನುತ್ತದೆ. 52ರಲ್ಲಿ 27 ಕಳೆಯುವಾಗ ಈ ಇಬ್ಬರ ಉತ್ತರವೂ ಒಂದೇ, ಇಬ್ಬರಿಗೂ ಪೂರ್ತಿ ಅಂಕ. ಯಾರಿಗೆ ಅರ್ಥವಾಗಿದೆ, ಯಾರಿಗೆ ಬಾಯಿಪಾಠ ಬಂದಿದೆ ಎಂದು ಶಿಕ್ಷಕರಿಗೆ ಗೊತ್ತಾಗಲು ಒಂದು ಡಜನ್ ಬಾಳೆಹಣ್ಣು ಸಾಕು.

ಗೊತ್ತಾಗದೇ ಹೋದರೆ ನಷ್ಟ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅದು ಮುಂದೆಂದೋ ವಿಭಾಗ ಪತ್ರಕ್ಕೆ ಸಹಿ ಹಾಕುವಾಗ, ಹಾಜರಿ ಪುಸ್ತಕದ ಮುಂದೆ ನಿಂತಾಗ ಕಾಣಿಸುತ್ತದೆ. ಆಗ ‘ಲೆಕ್ಕ ಸರಿ ಇದೆ, ಸಹಿ ಹಾಕಿ’ ಅಂದವರ ಮಾತನ್ನು ನಂಬಬೇಕು, ಇಲ್ಲವೇ ಒಂದು ಎಕರೆಯನ್ನು ನಲವತ್ತು ಗುಂಟೆ ಮಾಡಿ ತಾನೇ ಕಳೆದು ನೋಡಬೇಕು. ಎರಡನೆಯದು ಬರುವಂತೆ ಮಾಡುವುದಕ್ಕೇ ಅಲ್ವಾ ಮಕ್ಕಳನ್ನು ಶಾಲೆಗೆ ಕಳಿಸುವುದು?